ತಿದ್ದಿದ ಅಣ್ಣ

ಅಜ್ಜಂಪುರದಲ್ಲಿ ಫ್ರೆಂಚ್ ಬಲ್ಲವಳು ನಾನೊಬ್ಬಳೇ. ಆ ಜಂಬ ನನಗಿತ್ತು, ಸುಳ್ಳು ಹೇಳುವುದಿಲ್ಲ. ಆನುವಂಶಿಕ ಕಾಯಿಲೆಗಳ ಫ್ರೆಂಚ್ ವರದಿಗಳನ್ನು ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. "ಸುಮನಾ ಮೇಡಮ್ಮು ಅದೇನೋ ಜೀನು ಬರೀತಾರಂತೆ, ಕುದ್ರೆಗೆ ಹಾಕೋದಾ?" ಎಂದು ಸ್ಟೇಷನ್ ರಸ್ತೆಯವರು ಕಿಚಾಯಿಸುತ್ತಿದ್ದರು.

ಎರಡು ವರ್ಷದ ಹಿಂದೆ ಬಂದ ಕಡತದಲ್ಲಿ ಲಿಂಗದಹಳ್ಳಿಯ ಹೆಸರು ಕಂಡು ಖುಷಿಯಾಯಿತು. ಬಹಳ ಹಿಂದೆ ಒಬ್ಬ ಫ್ರೆಂಚ್ ವೈದ್ಯೆ ಅಲ್ಲಿ ಮನೆಮನೆ ಅಲೆದು, ಮಕ್ಕಳ ಸ್ನಾಯು ಸೊರಗಿಸುವ ಕಾಯಿಲೆಯ ಬಗ್ಗೆ ಬರೆದಿಟ್ಟ ಟಿಪ್ಪಣಿ ಅದು. ನನ್ನ ಇಂಗ್ಲಿಷ್ ನೋಡಿಯೇ ಬೆಂಗಳೂರಿನ ಆಸ್ಪತ್ರೆಯೊಂದು ಯಾರ ರಕ್ತ ಪರೀಕ್ಷಿಸಬೇಕೆಂದು ತೀರ್ಮಾನಿಸುತ್ತಿತ್ತು. ಸತ್ತ ಮಗುವಿನ ಅಕ್ಕತಂಗಿ, ಅಣ್ಣತಮ್ಮಂದಿರಿಗೆ ಕರೆ ಹೋಗುತ್ತಿತ್ತು, ದಾಯಾದಿಗಳ ಮಕ್ಕಳಿಗಿಲ್ಲ.

ಅದರಲ್ಲೊಂದು ಸಾಲು: ಒಂಬತ್ತನೇ ವಯಸ್ಸಿಗೆ ತೀರಿಕೊಂಡ ಮೃತ್ಯುಂಜಯ, ಸ್ಫೂರ್ತಿಯ 'ಫ್ರೇರ್ ಜೆರ್ಮ್ಯಾಂ'. ಫ್ರೇರ್ ಎಂದರೆ ಅಣ್ಣ ಅಥವಾ ತಮ್ಮ. ಆದರೆ ಅದೇ ಟಿಪ್ಪಣಿಯಲ್ಲಿ ಹುಡುಗನ ತಂದೆ ರುದ್ರಮೂರ್ತಿ, ಹುಡುಗಿಯ ತಂದೆ ಶಿವಮೂರ್ತಪ್ಪ. ನನಗೆ ನಗು ಬಂತು. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ, ಪಾಪ, ಫ್ರೆಂಚಮ್ಮನಿಗೇನು ಗೊತ್ತು? 'ಜೆರ್ಮ್ಯಾಂ' ಎಂಬುದನ್ನು ನಾನು ಕಂಡಿದ್ದೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನು ಹೇಳುವ 'ಕುಜ್ಯಾಂ ಜೆರ್ಮ್ಯಾಂ'ನಲ್ಲಿ ಮಾತ್ರ. ತಿದ್ದಿ 'ಕಸಿನ್' ಎಂದು ಬರೆದೆ. ಯಾರನ್ನೂ ಕೇಳಲಿಲ್ಲ.

ಹೋದ ತಿಂಗಳು ಆಸ್ಪತ್ರೆಯಿಂದ ಪತ್ರ ಬಂತು. ಸ್ಫೂರ್ತಿಯ ಆರು ತಿಂಗಳ ಮಗುವಿಗೆ ಅದೇ ಕಾಯಿಲೆ, ಆ ಸಾಲನ್ನು ಮತ್ತೊಮ್ಮೆ ನೋಡಿ ಎಂದಿತ್ತು. ಈ ಸಲ ದೊಡ್ಡ ನಿಘಂಟು ತೆಗೆದೆ. ಫ್ರೇರ್ ಜೆರ್ಮ್ಯಾಂ: ಒಂದೇ ತಂದೆ, ಒಂದೇ ತಾಯಿಗೆ ಹುಟ್ಟಿದವನು. ನಮ್ಮಜ್ಜಿಯ ಬಾಯಲ್ಲೂ ಇದ್ದ ಪದ, ಒಡಹುಟ್ಟಿದವನು. ನನಗೆ ಹೊಳೆಯಲೇ ಇಲ್ಲ.

ಮರುದಿನ ತರೀಕೆರೆ ಬಸ್ಸು ಹತ್ತಿ, ಅಲ್ಲಿಂದ ಲಿಂಗದಹಳ್ಳಿಗೆ ಹೋದೆ. ಸ್ಫೂರ್ತಿಯ ತಾಯಿ ಕಲ್ಲಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಸ್ಫೂರ್ತಿ ತೊಡೆಯ ಮೇಲಿನ ಮಗುವಿನ ತಲೆಗೆ ಅಂಗೈ ಆನಿಸಿಕೊಂಡು ಕೂತಿದ್ದಳು. ಅಜ್ಜಂಪುರದಲ್ಲಿ ಕೂತು ಆ ಟಿಪ್ಪಣಿಯನ್ನು ಇಂಗ್ಲಿಷಿಗೆ ಮಾಡಿದವಳು ನಾನೇ ಎಂದು ಹೇಳಿ, ಮೃತ್ಯುಂಜಯ ಯಾರ ಮಗ ಎಂದು ಕೇಳಿದೆ.

"ನನ್ ಮಗನೇ ಕಣವ್ವ," ಎಂದರು ಕಲ್ಲಮ್ಮ. "ನಮ್ ಭಾವ್ನೋರಿಗೆ ಮಕ್ಳಿರ್ಲಿಲ್ಲ, ಮೂರ್ ತಿಂಗ್ಳ ಕೂಸನ್ನ ದತ್ತು ಕೊಟ್ವಿ. ಇಸ್ಕೂಲಲ್ಲಿ ಅಪ್ಪನ್ ಹೆಸ್ರು ಅವ್ರದ್ದೇ. ಆ ಫಾರಿನ್ ಡಾಕ್ಟ್ರಮ್ಮ ಹೆತ್ತೋರ್ಯಾರು ಅಂತ ಮೂರ್ ಸಲ ಕೇಳಿ ಬರ್ಕಂಡ್ರು."

ಸ್ಫೂರ್ತಿ ಮಗುವಿನಿಂದ ಕಣ್ಣು ತೆಗೆಯದೆ ಮಾತಾಡಿದಳು. "ನಾನು ಅಮ್ಮನ್ ತಮ್ಮನ್ನೇ ಮದ್ವೆ ಆಗಿದ್ದು. ಭಯ ಆಗಿ, ಟೆಸ್ಟ್ ಬೇಕಾ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳ್ದೆ. ಅವ್ನು ಕಸಿನ್ನು, ಬೇಡ ಅಂದ್ರು. ಅಲ್ಲ ಕಣ್ರೀ, ಅಣ್ಣ ಅಂದೆ. ನಿಮ್ ಕಡೆ ಎಲ್ರೂ ಅಣ್ಣನೇ ಅಂತ ನಕ್ರು. ಡಾಕ್ಟ್ರಮ್ಮ ತಪ್ಪು ಬರ್ದಿದ್ರಾ?"

ಆ ವೈದ್ಯೆ ಈಗ ಸತ್ತುಹೋಗಿದ್ದಾರೆ, ಹೌದು ಅಂದುಬಿಡಬಹುದಿತ್ತು. ಆ ಯೋಚನೆ ಬಂದಿದ್ದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

"ಸರಿಯಾಗೇ ಬರೆದಿದ್ರು. ನಾನು ತಿದ್ದಿದೆ."

ಕಲ್ಲಮ್ಮನ ಕೈ ಮೊರದಲ್ಲೇ ನಿಂತಿತು. ಮಗುವಿನ ತಲೆ ಪಕ್ಕಕ್ಕೆ ವಾಲಿತು. ಸ್ಫೂರ್ತಿ ಅದನ್ನು ಮೆಲ್ಲಗೆ ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಅಜ್ಜಂಪುರ ಏನ್ ದೂರ್ವಾ ಅಕ್ಕಾ? ಒಂದ್ ಮಾತು ಬಂದು ಕೇಳ್ಬಾರ್ದಿತ್ತಾ?"