ಶಶಿಪ್ರಭಾಳ ಕಾಲ್ಗುಣ

ಶಿರ್ತಾಡಿಯ ಸುಬ್ಬಯ್ಯ ಶೆಟ್ಟರ ಗೇರುಬೀಜದ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಬೆಳ್ತಂಗಡಿ ಕಡೆಯಿಂದ ಹೊಸ ಬೀಜ ಬಂತೆಂದರೆ ಮೊದಲ ಬುಟ್ಟಿಯನ್ನು ಬಾಯ್ಲರಿಗೆ ಸುರಿಯಬೇಕಾದವಳು ಅವರ ಹೆಂಡತಿ ಶಶಿಪ್ರಭಾ. ಬೇರೆ ಯಾರೂ ಆ ಬುಟ್ಟಿ ಮುಟ್ಟುವ ಹಾಗಿಲ್ಲ. ತೊಂಬತ್ತೊಂದರ ಮೇ ತಿಂಗಳಲ್ಲಿ ಆಕೆ ಸೊಸೆಯಾಗಿ ಹೊಸ್ತಿಲು ದಾಟಿದ್ದೇ ತಡ, ಎರಡು ತಿಂಗಳಲ್ಲಿ ಗೋಡಂಬಿಯ ಬೆಲೆ ಏರಿ ವರ್ಷದೊಳಗೆ ಮಾವನ ಸೋಗೆಯ ಶೆಡ್ಡು ಹಂಚು ಹೊದೆಸಿದ ಕಾರ್ಖಾನೆಯಾಯಿತು. ಕಾಲ್ಗುಣ ಎಂದರೆ ಇದು ಎಂದು ಊರಿಡೀ ಹೊಗಳಿತು. ಮದುವೆಮನೆಗಳಲ್ಲಿ ಹೊಸ ಮದುಮಗಳ ಮುಂದೆ ಆಕೆಯನ್ನೇ ನಡೆಸುತ್ತಿದ್ದರು. ಯಾರಿಗೆ ಹಿತವಾಗುವುದಿಲ್ಲ ಹೇಳಿ? ಆಕೆಗೂ ಹಿತವಾಗಿತ್ತು.

ಈಗ ಕಾಲ ಬದಲಾಗಿದೆ. ಮಗ ರೋಹಿತ್ ನರಿಕೊಂಬಿನ ದೀಕ್ಷಿತಾಳನ್ನು ಮದುವೆಯಾದ ವರ್ಷದಿಂದಲೇ ಕಾರ್ಖಾನೆ ಕುಂಟತೊಡಗಿತು. ಅಂಗಡಿಗಳಿಗೆ ಮಾಲು ಹಾಕುವ ಹನೀಫಾ ತೆಗೆದುಕೊಂಡು ಹೋದ ಡಬ್ಬಗಳನ್ನೇ ಮರಳಿ ತಂದ.

"ಬೇಡವಂತೆ ಶೆಟ್ರೆ. ಹೊರದೇಶದ ಗೋಡಂಬಿ ತಿರುಳು ರಾಶಿ ಬಿದ್ದುಂಟು. ಸರಕಾರದ ಕಾಗದದಲ್ಲಿ ಸುಂಕ ಉಂಟು, ಇಲ್ಲ ಅಂತಲ್ಲ. ಬೇರೆ ಮಾಲಿನ ಹೆಸರು ಬರೆಸಿ ಬಂದರಿನಲ್ಲಿ ಇಳಿಸಿದ್ರೆ ಕೇಳುವವರು ಯಾರು? ನಮಗೆ ಬೀಳುವ ಅಸಲಿಗಿಂತ ಕಡಿಮೆಗೆ ಕೊಡ್ತಾರೆ ಮಾರಾಯ್ರೆ."

ನಲವತ್ತು ಹೆಂಗಸರು ಸಿಪ್ಪೆ ಬಿಡಿಸುತ್ತಿದ್ದ ಕಡೆ ಹದಿನೈದು ಜನ ಉಳಿದರು. ಅವರಿಗೂ ವಾರಕ್ಕೆ ಮೂರೇ ದಿನ ಕೆಲಸ. ಮಾಲು ಮರಳಿ ಬಂದ ಒಂದು ಮಧ್ಯಾಹ್ನ, ಬೇಸತ್ತ ಶಶಿಪ್ರಭಾಳ ಬಾಯಿ ಜಾರಿತು. "ಈ ಹುಡುಗಿ ಬಂದ ಮೇಲೆಯೇ ಅಲ್ವಾ ಇದೆಲ್ಲ ಶುರುವಾದ್ದು?"

ಅಯ್ಯೋ, ಆಡಬಾರದ ಮಾತು ಅದು! ತೋಡಾರಿನಿಂದ ಬಂದಿದ್ದ ಗಂಡನ ಅಕ್ಕ ಜಲಜಕ್ಕನ ಕಿವಿಗೆ ಬಿತ್ತು. ಅಲ್ಲಿಗೆ ಮುಗಿಯಿತು.

ಲಾರಿ ಹೊರಡುವಾಗ ದೀಕ್ಷಿತಾ ಎದುರು ಬರಬಾರದು ಎಂದಾಯಿತು. ಆಮೇಲೆ ಕಾರ್ಖಾನೆಯ ಹೊಸ್ತಿಲು ತುಳಿಯಬಾರದು ಎಂದಾಯಿತು. ಓದಿದ ಹುಡುಗಿ, ಸುಮ್ಮನೆ ಕೂರದೆ ಸುತ್ತಲಿನ ಸಣ್ಣ ಕಾರ್ಖಾನೆಯವರ ಪರವಾಗಿ ಸರಕಾರಕ್ಕೆ ಒಂದು ಅರ್ಜಿ ಬರೆದಳು. ಬಂದರಿನಲ್ಲಿ ತಿರುಳನ್ನು ಸರಿಯಾಗಿ ಪರೀಕ್ಷಿಸಿ, ಸುಂಕ ತಪ್ಪಿಸುವುದನ್ನು ತಡೆಯಿರಿ ಎಂದು ಅದರಲ್ಲಿತ್ತು. ಸುಬ್ಬಯ್ಯ ಶೆಟ್ಟರು ಓದಲೂ ಇಲ್ಲ.

"ಒಳ್ಳೆ ಕೆಲಸಕ್ಕೆ ಹೋಗುವ ಕಾಗದ, ನಿನ್ನ ಕೈ ಬೇಡ ಮಗಾ" ಎಂದರು. ಕೆಟ್ಟ ಮನುಷ್ಯರೇನಲ್ಲ, ದಣಿದಿದ್ದರು. ರೋಹಿತ್ ಅರ್ಜಿಯನ್ನು ಮಡಚಿ ಹೆಂಡತಿಯ ಕೈಗೆ ಮರಳಿ ಕೊಟ್ಟ.

ಅದಾಗಿ ಕೆಲವು ದಿನಗಳಲ್ಲಿ ಬಚ್ಚಲಿನ ಕಲ್ಲಿನ ಮೇಲೆ ಕೂತು ಸೊಸೆ ಕಾಲು ಉಜ್ಜುತ್ತಿದ್ದುದನ್ನು ಶಶಿಪ್ರಭಾ ಕಂಡಳು. ಉಜ್ಜಿ ನೀರು ಹಾಕುವಳು, ಮತ್ತೆ ಉಜ್ಜುವಳು. ಪಾದ ಕೆಂಪಾಗಿತ್ತು.

"ಎಂತ ಮಾಡ್ತಾ ಇದ್ದಿ?"

"ಏನಿಲ್ಲ ಮಾಮಿ" ಎಂದಳು ಹುಡುಗಿ, ಸೀರೆಯಂಚು ಪಾದದ ಮೇಲೆ ಎಳೆದುಕೊಂಡು.

ಶಶಿಪ್ರಭಾಳಿಗೆ ಅಂದು ಅನ್ನ ಇಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಜೋಯಿಸರನ್ನು ಕರೆಸಿ ಚಾವಡಿಯಲ್ಲಿ ಪ್ರಶ್ನೆ ಇಟ್ಟರು. ಜೋಯಿಸರು ಮಣೆಯ ಮೇಲೆ ಕವಡೆ ಸರಿಸಿ, ಕಣ್ಣು ಮುಚ್ಚಿ, ಹೊರಗಿನಿಂದ ಬಂದ ಹೆಣ್ಣಿನ ದೋಷ ಎಂದರು. ಮೂರು ವರ್ಷ ಆಕೆ ತವರಿನಲ್ಲಿರಬೇಕು, ಗಂಡನ ಮುಖ ನೋಡಬಾರದು. ದೀಕ್ಷಿತಾ ಒಳಗೆ ಹೋಗಿ ಬ್ಯಾಗು ತುಂಬಿಸಿ ತಂದು ಜಗಲಿಯಲ್ಲಿ ಕೂತಳು. ರೋಹಿತ್ ಕಾರು ತಿರುಗಿಸಿ ನಿಲ್ಲಿಸಿದ.

"ಕಾಲ್ಗುಣ ಸುಳ್ಳಲ್ಲ ಜೋಯಿಸರೆ" ಎಂದರು ಜಲಜಕ್ಕ. "ಇದೇ ಮನೆಯಲ್ಲಿ ಸಾಕ್ಷಿ ಉಂಟಲ್ಲ, ನಮ್ಮ ಶಶಿ!"

ಶಶಿಪ್ರಭಾ ಎದ್ದು ನಿಂತಳು. ಮಂಡಿ ನೋಯುತ್ತಿತ್ತು, ಕಂಬ ಹಿಡಿದುಕೊಂಡಳು.

"ನಾನು ಸಾಕ್ಷಿ ಅಲ್ಲ ಅಕ್ಕ. ಆ ವರ್ಷ ಜುಲೈಯಲ್ಲಿ ಸರಕಾರ ರೂಪಾಯಿಯ ಬೆಲೆ ಇಳಿಸಿತ್ತು. ಹೊರದೇಶಕ್ಕೆ ಗೋಡಂಬಿ ಕಳಿಸುವವರಿಗೆ ಡಾಲರಿಗೆ ಹೆಚ್ಚು ರೂಪಾಯಿ ಸಿಕ್ಕಿ ಲಾಭ ಆಯ್ತು. ಮಂಗಳೂರಿನ ಏಜೆಂಟರು ಇದೇ ಚಾವಡಿಯಲ್ಲಿ ಕೂತು ಮಾವನಿಗೆ ಹೇಳಿದ್ರು. ಚಾ ತಂದವಳು ನಾನೇ, ಕೇಳಿದ್ದೇನೆ. ಮಾವ ನಕ್ಕು, ಹಾಗಾದ್ರೂ ಸೊಸೆಯ ಕಾಲ್ಗುಣ ಅಂತಲೇ ಹೇಳುವ ಅಂದ್ರು."

ಸುಬ್ಬಯ್ಯ ಶೆಟ್ಟರು ತಲೆಯೆತ್ತಿದರು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೊಗಳಿಕೆ ರುಚಿ ಇತ್ತು. ಅದಕ್ಕೆ." ಆಕೆ ಜಗಲಿಯತ್ತ ಕೈ ತೋರಿಸಿದಳು. "ಅಂದು ದಿಲ್ಲಿಯಲ್ಲಿ ಮಾಡಿದ್ದಕ್ಕೆ ನನಗೆ ಆರತಿ ಎತ್ತಿದ್ರಿ. ಇಂದು ಬಂದರಿನಲ್ಲಿ ಆಗುವುದಕ್ಕೆ ಈ ಮಗುವನ್ನು ಹೊರಗೆ ಹಾಕ್ತೀರಿ. ಇವಳು ನರಿಕೊಂಬಿಗೆ ಹೋದ್ರೆ ಹೊರದೇಶದ ತಿರುಳು ಬರುವುದು ನಿಲ್ತದಾ? ಆ ಇಪ್ಪತ್ತೈದು ಹೆಂಗಸರಿಗೆ ಕೆಲಸ ಸಿಗ್ತದಾ? ಕಾರ್ಖಾನೆ ಮುಚ್ಚಬೇಕಾದ್ರೆ ಮುಚ್ಚಲಿ. ಇವಳು ಹೋಗುವುದಾದ್ರೆ ನಾನೂ ಇದೇ ಕಾರಿನಲ್ಲಿ ಹೋಗ್ತೇನೆ. ಬುಟ್ಟಿ ಯಾರ ಕೈಯಲ್ಲಿ ಸುರಿಸ್ತೀರೋ ನೋಡುವ."

"ದೊಡ್ಡವರ ಮುಂದೆ ಎಂಥ ಮಾತು!" ಎಂದರು ಜಲಜಕ್ಕ. ಯಾರೂ ಅವರ ಕಡೆ ತಿರುಗಲಿಲ್ಲ.

ಶಶಿಪ್ರಭಾ ಜಗಲಿಗೆ ಬಂದು ಸೊಸೆಯ ಕೈಯಿಂದ ಬ್ಯಾಗು ತೆಗೆದುಕೊಂಡಳು. "ಮೊದಲು ಹಾಗೆ ಹೇಳಿದವಳು ನಾನೇ ಮಗಾ. ತಪ್ಪಾಯ್ತು" ಎಂದಳು. ಮತ್ತೆ, "ಆ ಅರ್ಜಿ ಎಲ್ಲುಂಟು?"

"ಮಾವ ಬೇಡ ಅಂದ್ರಲ್ಲ ಮಾಮಿ."

"ತಾ."

ಬ್ಯಾಗಿನ ತಳದಿಂದ, ಸೀರೆಗಳ ಅಡಿಯಿಂದ, ಮಡಚಿದ ಕಾಗದ ಹೊರಬಂತು. ಜೋಯಿಸರು ಕವಡೆಗಳನ್ನು ಚೀಲಕ್ಕೆ ತುಂಬಿಸಿಕೊಂಡಾಗಿತ್ತು. ಶಶಿಪ್ರಭಾ ಖಾಲಿ ಮಣೆಯ ಮೇಲೆ ಅರ್ಜಿಯನ್ನು ಬಿಡಿಸಿಟ್ಟು ಮೊದಲ ಸಹಿ ಹಾಕಿದಳು. ದೀಕ್ಷಿತಾ ಚಾವಡಿಯ ಹೊಸ್ತಿಲಾಚೆಯೇ ನಿಂತಿದ್ದಳು.

ಸುಬ್ಬಯ್ಯ ಶೆಟ್ಟರು ಕಾಗದವನ್ನು ಹತ್ತಿರ ಎಳೆದುಕೊಂಡು, ಅಕ್ಷರ ಕಾಣದೆ ಕಣ್ಣು ಕಿರಿದುಗೊಳಿಸಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಒಳಗೆ ಬಾ ಮಗಾ. ನನ್ನ ಕನ್ನಡಕ ಕಾರ್ಖಾನೆಯ ಮೇಜಿನ ಮೇಲುಂಟು. ನೀನೇ ಹೋಗಿ ತಾ."