ಚಿಮಣಿಗೆ ಇಳಿದ ಹಕ್ಕಿಗಳು

ಇಪ್ಪತ್ತೆರಡು ವರ್ಷ ಬಾಯ್ಲರಿಗೆ ಬೆಂಕಿ ಉಣಿಸಿದ ಮನುಷ್ಯ ಅವನು. ಕಾರ್ಖಾನೆಗೆ ಬೀಗ ಬಿದ್ದ ದಿನ ಒಲೆ ಆರಿಸಿದ್ದೂ ಅವನೇ. ಆಮೇಲೆ ಅರ್ಜಿ ಹಿಡಿದು ಊರೆಲ್ಲ ಸುತ್ತಿದ. ಎಲ್ಲ ಕಡೆ ಒಂದೇ ಮಾತು: "ಹೇಳಿ ಕಳಿಸ್ತೀವಿ." ಯಾರೂ ಹೇಳಿ ಕಳಿಸಲಿಲ್ಲ. ಕ್ರಮೇಣ ಸ್ನಾನ ಬಿಟ್ಟ, ಮಾತು ಬಿಟ್ಟ, ಹಗಲೆಲ್ಲ ಹಾಸಿಗೆಯಲ್ಲೇ ಬಿದ್ದಿರತೊಡಗಿದ.

"ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದು ಒಂದು ದಿನ ಗೊಣಗಿದಾಗ, ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿಯ ಕಾಲು ನಿಂತುಹೋಯಿತು.

"ಏಳ್ರಿ ಮೇಲೆ! ಕಾರ್ಖಾನೆ ಆಫೀಸು ಇನ್ನೂ ತೆರೆದಿದೆಯಂತೆ, ಅನುಭವ ಪತ್ರ ಇಸ್ಕೊಂಡು ಬರೋಣ" ಎಂದು ರಟ್ಟೆ ಹಿಡಿದು ಎಬ್ಬಿಸಿ, ಸಂಜೆ ಕಾರ್ಖಾನೆಗೆ ಕರೆದೊಯ್ದಳು.

ಗೇಟಿನಲ್ಲಿ ಕಾವಲುಗಾರ ನಕ್ಕ. "ಸರಿಯಾದ ಹೊತ್ತಿಗೆ ಬಂದ್ರಿ ಅಣ್ಣಾ. ನಿಮ್ಮ ಚಿಮಣಿ ಈಗ ಹೊಗೆ ನುಂಗುತ್ತೆ, ನೋಡಿ."

"ತಲೆ ನೆಟ್ಟಗಿದೆಯೇನಯ್ಯಾ?" ಎನ್ನುತ್ತ ಕತ್ತೆತ್ತಿದ ಬಾಯ್ಲರಿನವನು ಅಲ್ಲೇ ನಿಂತುಬಿಟ್ಟ.

ಆಕಾಶದಲ್ಲಿ ಕಪ್ಪು ಹೊಗೆ ಸುತ್ತುತ್ತಿತ್ತು. ಸುತ್ತುತ್ತ ಸುತ್ತುತ್ತ ಕೆಳಗಿಳಿದು, ಚಿಮಣಿಯ ಬಾಯೊಳಗೆ ಧೋ ಎಂದು ಸುರಿಯತೊಡಗಿತು. ಹೊಗೆಯಲ್ಲ, ಹಕ್ಕಿಗಳು! ಅಂಗೈಯಗಲದ ಸಾವಿರಾರು ಹಕ್ಕಿಗಳು, ಒಂದಕ್ಕೊಂದು ತಾಕದೆ, ತಲೆಕೆಳಗಾಗಿ ಆ ಕತ್ತಲಿಗೆ ಧುಮುಕುತ್ತಿದ್ದವು. ಒಳಗಿನ ಒಂದೊಂದು ಇಟ್ಟಿಗೆಯೂ ಗೊತ್ತಿದ್ದ ಅವನಿಗೆ ಮೈ ಜುಮ್ಮೆಂದಿತು. ತಾನು ಆರಿಸಿದ ಬೆಂಕಿಯ ಜಾಗದಲ್ಲಿ ಇಷ್ಟೊಂದು ಜೀವ! ಕೊನೆಯ ಹಕ್ಕಿ ಇಳಿದ ಮೇಲೂ ಅವನ ಬಾಯಿ ತೆರೆದೇ ಇತ್ತು. ಪತ್ರದ ವಿಷಯ ಇಬ್ಬರಿಗೂ ಮರೆತುಹೋಯಿತು.

ಮರುದಿನ ಅವನೇ ಹೋದ. ಮೂರನೆಯ ದಿನ ಒಂದು ನೋಟುಬುಕ್ಕು ಒಯ್ದು, ಹತ್ತತ್ತರ ಗುಂಪು ಮಾಡಿ ಎಣಿಸಿದ.

"ಆ ಹಕ್ಕಿಗಳು ನಿಮಗೇನು ಕೊಡ್ತವೆ?" ಎಂದಳು ಹೆಂಡತಿ.

"ಏನೂ ಇಲ್ಲ ಕಣೇ. ನನ್ನ ಕಡೆ ತಿರುಗಿಯೂ ನೋಡಲ್ಲ. ಆದ್ರೆ ಅವು ಬರೋದನ್ನ ಯಾರಾದ್ರೂ ನೋಡ್ಬೇಕಲ್ವಾ?"

ತಿಂಗಳು ಕಳೆದು, ಚಿಮಣಿ ಕೆಡವುವ ಮುನ್ನ ಅಳತೆ ತೆಗೆಯಲು ಒಬ್ಬ ಎಂಜಿನಿಯರಮ್ಮ ಬಂದರು. ಅವನು ಕೈಮುಗಿದ. "ಮೇಡಂ, ಸಂಜೆ ಆರರ ತನಕ ಇರಿ. ನೋಡಿ, ಆಮೇಲೆ ನಿಮ್ಮಿಷ್ಟ."

ಆಕೆ ಇದ್ದರು. ಹಕ್ಕಿಗಳು ಸುರಿದು ಮುಗಿಯುವವರೆಗೂ ಕತ್ತೆತ್ತಿಯೇ ನಿಂತಿದ್ದರು.

"ಎಷ್ಟಿರಬಹುದು?" ಎಂದರು ಪಿಸುದನಿಯಲ್ಲಿ.

"ನಿನ್ನೆ ನಾಲ್ಕು ಸಾವಿರದ ಇನ್ನೂರು."

ಅವನ ನೋಟುಬುಕ್ಕನ್ನು ಪುಟಪುಟವಾಗಿ ತಿರುವಿ ನೋಡಿದ ಆಕೆ, ಹಕ್ಕಿಗಳು ವಲಸೆ ಹೋಗುವವರೆಗೆ ಕೆಡವುವುದು ಬೇಡವೆಂದು ವರದಿ ಬರೆದರು. ಮಾಲೀಕರೂ ಒಪ್ಪಿದರು.

ಕೆಲಸ ಇನ್ನೂ ಸಿಕ್ಕಿರಲಿಲ್ಲ. ಆದರೂ ಆ ಸುದ್ದಿ ಬಂದ ರಾತ್ರಿ ಅವನು ಎರಡು ಸಲ ಅನ್ನ ಬಡಿಸಿಕೊಂಡ. ಬೆಳಿಗ್ಗೆ ಗಡ್ಡ ಹೆರೆದುಕೊಂಡು, ಇನ್ನೊಂದು ಅರ್ಜಿ ಬರೆಯಲು ಕುಳಿತ.