ಕೋಮಲ ಆರಿಸಿದ ಲೈನು

ಹಾಜಿಮಲಂಗ ಮೂವತ್ತೊಂದು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದವನು. ಮುದ್ದೇಬಿಹಾಳ, ನಾಲತವಾಡ, ತಾಳಿಕೋಟೆ ಈ ಮೂರೂ ಕಡೆ ಅವನು ಹತ್ತದ ಕಂಬವಿರಲಿಲ್ಲ. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಓಣಿಯಲ್ಲಿ ಯಾರ ಮನೆಯ ನೆಟ್ ನಿಂತರೂ ಜನ ಕಂಪನಿಗಿಂತ ಮೊದಲು ಅವನಿಗೇ ಹೇಳಿ ಕಳಿಸುತ್ತಿದ್ದರು. ಹೀಗಾಗಿ ಮಗಳು ಆಯೇಶಾ ಐರ್ಲೆಂಡಿನಿಂದ ಫೋನ್ ಮಾಡಿ, "ಅಬ್ಬಾ, ಮನಿಗೆ ಇಂಟರ್ನೆಟ್ ಹಾಕಿಸ್ಬೇಕು. ಇಲ್ಲಿ ಮೂರು ಕಂಪನಿ ಅದಾವ. ಯಾವುದು ಹಾಕಿಸ್ಲಿ?" ಎಂದು ಕೇಳಿದಾಗ ಅವನಿಗೆ ಅದು ದೊಡ್ಡ ಪ್ರಶ್ನೆ ಅನ್ನಿಸಲೇ ಇಲ್ಲ. ದೇಶ ಬೇರೆಯಾದರೇನು, ತಂತಿ ತಂತಿಯೇ.

ಆಯೇಶಾ ಕಿವುಡ ಮಕ್ಕಳಿಗೆ ಸಂಜ್ಞೆ ಭಾಷೆ ಕಲಿಸುವವಳು. ವಿಜಯಪುರಕ್ಕೆ ಎರಡು ವರ್ಷ ಓಡಾಡಿ ತಾನು ಕಲಿತು ಬಂದು, ಮುದ್ದೇಬಿಹಾಳದ ತಮ್ಮ ಮನೆಯ ಪಡಸಾಲೆಯಲ್ಲೇ ಪಾಠ ಶುರು ಮಾಡಿದ್ದಳು. ಆರು ಮಕ್ಕಳು. ನಾಲ್ವರು ಊರಿನವರೇ, ಒಬ್ಬ ತಾಳಿಕೋಟೆಯವನು, ಇನ್ನೊಬ್ಬಳು ನಾಲತವಾಡದ ಕೋಮಲ. ಗಂಡ ತಬ್ರೇಜನಿಗೆ ಐರ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಇವಳೂ ಹೊರಟು ನಿಂತಾಗ ಮಕ್ಕಳ ತಂದೆತಾಯಿಗಳನ್ನೆಲ್ಲ ಕೂಡಿಸಿ ಹೇಳಿದ್ದಳು: "ನಾ ಹೋಗ್ತೇನಿ, ಪಾಠ ಹೋಗೂದಿಲ್ಲ. ದಿನಾ ಐದಕ್ಕ ಹುಡುಗ್ರನ್ನ ಇದ ಮನಿಗೆ ಕಳಸ್ರಿ. ನಾ ಟಿವಿಯಾಗ ಬರ್ತೇನಿ."

ಅಂದಂತೆಯೇ ಬಂದಳು. ಇಲ್ಲಿ ಸಂಜೆ ಐದು, ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ತಾಯಿ ರಮಜಾನಬಿ ಜಮಖಾನ ಹಾಸಿ ಮಕ್ಕಳನ್ನು ಕೂಡಿಸುವಳು, ಹಾಜಿಮಲಂಗ ಕ್ಯಾಮೆರಾ ಕೂಡಿಸಿದ ಟಿವಿ ಹಚ್ಚುವನು. ಆದರೆ ಆಯೇಶಾ ಅಲ್ಲಿ ಇನ್ನೂ ಮೊಬೈಲಿನ ನೆಟ್ಟಿನ ಮೇಲೇ ನಡೆಸುತ್ತಿದ್ದಳು. ಅವಳ ಕೈ ಮೇಲೆದ್ದು ಅಲ್ಲೇ ಕಲ್ಲಾಗುತ್ತಿತ್ತು. ಮತ್ತೆ ಚಿತ್ರ ಅಲುಗಾಡುವಷ್ಟರಲ್ಲಿ ಕೈ ಇನ್ನೆಲ್ಲೋ ಇರುತ್ತಿತ್ತು. ಮಾತಿನ ಪಾಠವಾಗಿದ್ದರೆ ಒಂದು ಶಬ್ದ ತಪ್ಪಿದರೂ ದನಿ ಹಿಡಿದು ಊಹಿಸಬಹುದು. ಕೈಯೇ ಮಾತಾದವರಿಗೆ ಕೈ ನಿಂತರೆ ಅರ್ಥವೇ ಮಗುಚುತ್ತದೆ. ಒಂದು ಶುಕ್ರವಾರ ಆಯೇಶಾ "ನಾಳೆ ಪಾಠ ಇಲ್ಲ" ಎಂದು ಸಂಜ್ಞೆ ಮಾಡಿದಳು. "ಇಲ್ಲ" ಅನ್ನುವ ಕೈ ಇಲ್ಲಿಗೆ ಮುಟ್ಟಲೇ ಇಲ್ಲ. ಮರುದಿನ, ರಜೆಯೆಂದು ಮಗಳಿಂದ ಮೊದಲೇ ತಿಳಿದಿದ್ದ ಹಾಜಿಮಲಂಗ ದಂಪತಿ ಬಸವನ ಬಾಗೇವಾಡಿಗೆ ಒಂದು ಮದುವೆಗೆ ಹೋಗಿ ಸಂಜೆ ಬಂದು ನೋಡಿದರೆ ಕೀಲಿ ಹಾಕಿದ ಬಾಗಿಲ ಮುಂದೆ ಕೋಮಲ ಮತ್ತು ಅವಳಪ್ಪ ಬಸಂತರಾಯ ಕಟ್ಟೆಯ ಮೇಲೆ ಕೂತಿದ್ದರು.

ಬಸಂತರಾಯ ನಾಲತವಾಡದಲ್ಲಿ ಸಾಲಿ ಮಾಸ್ತರ. ಸಿಟ್ಟಿನ ಮನುಷ್ಯನಲ್ಲ, ಆದರೆ ಅವತ್ತು ನೇರವಾಗಿಯೇ ಹೇಳಿದ.

"ಲೈನ್‌ಮನ್ ಸಾಹೇಬ್ರ, ತಪ್ಪು ತಿಳ್ಕೋಬ್ಯಾಡ್ರಿ. ಆಯೇಶಾ ಅಕ್ಕಾರ ಕಲಿಸೂದ್ರಾಗ ಏನೂ ಕೊರತಿ ಇಲ್ಲ. ಖರೆ ದಿನಾ ಬಸ್ಸಿನ್ಯಾಗ ಕರ್ಕೊಂಡು ಬಂದು ನಿಂತ ಚಿತ್ರ ನೋಡ್ಸೂದು ಆಗೂದಿಲ್ರಿ. ಈ ತಿಂಗಳ ನೋಡ್ತೇನಿ. ಇಲ್ಲಂದ್ರ ಆಕಿನ್ನ ವಿಜಯಪುರದ ಹಾಸ್ಟೆಲ್ಲಿಗೆ ಹಾಕ್ತೇನಿ."

ಹನ್ನೊಂದು ವರ್ಷದ ಕೋಮಲಳಿಗೆ ಹಾಸ್ಟೆಲ್ಲಿನ ಮಾತು ತುಟಿ ನೋಡಿಯೇ ತಿಳಿಯಿತು. ಅವಳು ಅಪ್ಪನ ತೋಳು ಹಿಡಿದು ತಲೆ ಅಡ್ಡಡ್ಡ ಆಡಿಸಿದಳು. ಹಾಜಿಮಲಂಗನಿಗೆ ನಾಚಿಕೆಯಾಯಿತು. ತನ್ನ ಮನೆಯ ಬಾಗಿಲಿಗೆ ಬಂದ ಲೈನ್ ದೂರು ಒಂದು ವಾರದ ಮೇಲೆ ಉಳಿದದ್ದು ಅವನ ಸರ್ವಿಸಿನಲ್ಲೇ ಇರಲಿಲ್ಲ.

"ಒಂದ ಹದಿನೈದು ದಿನಾ ಕೊಡ್ರಿ ಮಾಸ್ತರ. ಮಾಡಿ ತೋರಿಸ್ತೇನಿ," ಎಂದ.

ಮರುದಿನ ಮಗಳಿಗೆ ಫೋನ್ ಹಚ್ಚಿ, "ಮೊದ್ಲ ನಿನ್ನ ಮನಿ ಗೋಡಿ ತೋರ್ಸು," ಎಂದ. ಆಯೇಶಾ ಫೋನ್ ಹಿಡಿದು ಮನೆಯೆಲ್ಲ ತಿರುಗಿದಳು. ಬಾಗಿಲ ಪಕ್ಕದಲ್ಲಿ ಹಳೆಯ ಟೆಲಿಫೋನ್ ಡಬ್ಬಿ ಕಂಡದ್ದೇ ಅವನ ಮುಖ ಅರಳಿತು.

ಮೂರು ಕಂಪನಿಗಳ ವಿಷಯ ಹೀಗಿತ್ತು. ಒಂದು, ಆ ದೇಶದ ಹಳೆಯ ಟೆಲಿಫೋನ್ ಕಂಪನಿ, ಗೋಡೆಯ ಡಬ್ಬಿ ಅದರದ್ದೇ. ಎರಡನೆಯದು ಕೇಬಲ್ ಟಿವಿ ಕಂಪನಿ. ಅದಕ್ಕೆ ಗೋಡೆಗೆ ತೂತು ಹಾಕಬೇಕು, ಮನೆ ಮಾಲಕನ ಒಪ್ಪಿಗೆ ಬೇಕು, ಮೇಲೆ ಎರಡು ವರ್ಷದ ಕರಾರು. ಮೂರನೆಯದು ಸಿಮ್ ಹಾಕಿದ ಡಬ್ಬಿ, ಪ್ಲಗ್ಗಿಗೆ ಹಚ್ಚಿದರೆ ಆಯಿತು. ತಬ್ರೇಜನ ಮನಸ್ಸು ಮೂರನೆಯದರ ಮೇಲಿತ್ತು.

"ಮಾಮಾ, ತೂತೂ ಬ್ಯಾಡ, ಮಾಲಕನ ಕಾಲು ಹಿಡಿಯೂದೂ ಬ್ಯಾಡ," ಎಂದು ಅವನು ಹಿಂದಿನಿಂದ ಹೇಳಿದ. "ನೂರೈವತ್ತು ಸ್ಪೀಡ್ ಅಂತ ಬರ್ದಾರ."

"ಅದು ಇಳಿಯೋ ಸ್ಪೀಡ್ ಅಳಿಯಾ," ಎಂದ ಹಾಜಿಮಲಂಗ. "ಸಿನಿಮಾ ನೋಡವ್ರಿಗೆ ಅದು ಬೇಕು. ಇಕಿ ನೋಡಾಕಿ ಅಲ್ಲ, ತೋರ್ಸಾಕಿ. ಇಕಿ ಕೈ ಅಲ್ಲಿಂದ ಏರಿ ಇಲ್ಲಿಗೆ ಬರ್ಬೇಕು. ಏರೋ ಸ್ಪೀಡ್ ಎಷ್ಟಂತ ಕೇಳ್ರಿ."

ಆಯೇಶಾ ಕೇಳಿದಳು. ಮೂರೂ ಕಂಪನಿಯವರಿಗೆ ಆ ಪ್ರಶ್ನೆ ಹೊಸದೆನ್ನುವಂತಿತ್ತು. ಹಳೆಯ ಕಂಪನಿ ಹದಿನೈದು ಅಂದಿತು, ಕೇಬಲ್ಲಿನವರು ಐವತ್ತು ಅಂದರು, ಸಿಮ್ಮಿನವರು ಜಾಗದ ಮೇಲೆ ಅಂದರು.

"ಮುಗೀತಲ್ಲ. ಹಳೇ ಕಂಪನಿ ಹಾಕ್ಸು," ಎಂದ ಹಾಜಿಮಲಂಗ. "ಹದಿನೈದು ಸಾಕಷ್ಟಾತು. ತಂತಿ ಬಾಗಿಲಿಗೆ ಬಂದೈತಿ. ಟೆಲಿಫೋನ್ ಇಲಾಖೆಯವ್ರ ಕೆಲಸ ಗಟ್ಟಿ ಇರ್ತೈತಿ, ನನ್ನ ಕೇಳು."

ಆಯೇಶಾ ತಡೆದಳು. "ಅಬ್ಬಾ, ಅದು ಕಾಗದದ ಮ್ಯಾಲಿಂದು. ನಾ ನೋಡಿ ತಗೋತೇನಿ."

"ಹಾಕಿಸ್ದೆ ಹೆಂಗ ನೋಡ್ತಿ?"

"ಹಾಕಿಸ್ದವ್ರ ಮನಿಯಾಗ ಹೋಗಿ ನೋಡ್ತೇನಿ. ಮ್ಯಾಲಿನ ಮನಿ ಅಜ್ಜಿದು ಹಳೇ ಕಂಪನಿ ಐತಿ. ಕೆಳಗ ಕೇರಳದ ನರ್ಸ್ ಒಬ್ರು ಅದಾರ, ಅವ್ರದು ಕೇಬಲ್. ಬಾಜೂ ಮನಿ ಬ್ರೆಜಿಲ್‌ದವ್ರು, ಅವ್ರದು ಸಿಮ್ ಡಬ್ಬಿ. ಆದಿತ್ಯವಾರ ಐದಕ್ಕ ಕೋಮಲನ್ನ ಕರ್ಸ್ರಿ. ನಾ ಮೂರೂ ಮನಿಯಿಂದ ಒಂದೊಂದು ಕತಿ ಹೇಳ್ತೇನಿ. ಆಕಿ ತಿರುಗಿ ಹೇಳ್ಲಿ."

ಮಗಳ ಈ ಉಪಾಯ ಹಾಜಿಮಲಂಗನಿಗೆ ಹಿಡಿಸಿತು, ತಾನು ಹೇಳಿದ್ದೇ ಗೆಲ್ಲುತ್ತದೆ ಅನ್ನುವ ನಂಬಿಕೆಯೂ ಇತ್ತು. ಆದರೆ ಲೈನ್‌ಮನ್ನನಿಗೆ ಒಂದು ನೇಮವಿದೆ: ಎದುರಿನ ತುದಿಯ ಮೇಲೆ ದೂರು ಹಾಕುವ ಮೊದಲು ತನ್ನ ತುದಿ ನೋಡಿಕೊಳ್ಳಬೇಕು. ಶನಿವಾರವಿಡೀ ಅವನು ಅದೇ ಮಾಡಿದ. ನೆಟ್ಟಿನ ಡಬ್ಬಿ ಕಬ್ಬಿಣದ ತಿಜೋರಿಯ ಹಿಂದೆ ಕೂತಿತ್ತು. ಅದನ್ನು ಹೊರತೆಗೆದು ಪಡಸಾಲೆಯ ಗೂಟಕ್ಕೆ ಏರಿಸಿದ. ಮಾಳಿಗೆಯ ಮೇಲೆ ಮಂಗ ಎಳೆದಾಡಿ ಸಡಿಲಾಗಿದ್ದ ತಂತಿಯನ್ನು ಕಂಪನಿಯ ಹುಡುಗರನ್ನು ಕರೆಸಿ ಬದಲಿಸಿದ. ಟಿವಿಗೆ ನೇರವಾಗಿ ತಂತಿ ಹಚ್ಚಿದ. ರಮಜಾನಬಿ ಕೆಳಗೆ ನಿಂತು, "ಈ ವಯಸ್ಸಿನ್ಯಾಗ ನಿಚ್ಚಣಿಕಿ ಹತ್ತೂದು ಬ್ಯಾಡಂದ್ರ ಕೇಳೂದಿಲ್ಲ," ಎನ್ನುತ್ತಲೇ ನಿಚ್ಚಣಿಕೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

ಆದಿತ್ಯವಾರ ಬಸಂತರಾಯ ಮಗಳನ್ನು ಕರೆದುಕೊಂಡು ಬಂದ. ಕೋಮಲ ಟಿವಿಯ ಮುಂದೆ ಕಾಲು ಮಡಚಿ ಕೂತಳು.

ಮೊದಲು ಮೇಲಿನ ಮನೆ. ಆಯೇಶಾಳ ಹಿಂದೆ ಬಿಳಿಕೂದಲಿನ ಅಜ್ಜಿಯೊಬ್ಬಳು ಕುರ್ಚಿಯಲ್ಲಿ ಕೂತು ಇವರಿಗೆಲ್ಲ ಕೈ ಬೀಸಿದಳು. ಆಯೇಶಾ ಕತೆ ಶುರು ಮಾಡಿದಳು. ಕೈಗಳು ಹಾರಾಡಿದವು, ಹುಬ್ಬು ಏರಿಳಿಯಿತು. ಹಾಜಿಮಲಂಗ ಕಣ್ಣು ಕಿರಿದು ಮಾಡಿ ನೋಡಿದ. ಮಗಳ ಮುಖ ಕನ್ನಡಿಯಲ್ಲಿ ಕಂಡಂತೆ ಸ್ವಚ್ಛವಾಗಿತ್ತು.

"ನೋಡ್ರಿ ಮಾಸ್ತರ, ಎಷ್ಟು ಚೊಲೋ ಐತಿ," ಎಂದ.

ಕೋಮಲ ತಿರುಗಿ ಹೇಳತೊಡಗಿದಳು. ನಾಲ್ಕು ಸಂಜ್ಞೆ ಮಾಡಿ ನಿಂತಳು. ಆಮೇಲೆ ತಲೆ ಅಲ್ಲಾಡಿಸಿ ಹಾಜಿಮಲಂಗನ ಕಡೆ ನೋಡಿ, ತನ್ನ ಕೈಯನ್ನು ಗಾಳಿಯಲ್ಲಿ ಸಾಗಿಸಿದಳು: ಸಾಗಿ, ಒಂದು ಚಣ ನಿಂತು, ಮತ್ತೆ ಸಾಗಿ, ಮತ್ತೆ ನಿಂತು. ಬಸಂತರಾಯ ಅದನ್ನು ಬಾಯಲ್ಲಿ ಹೇಳಿದ: "ಕೈ ತಡವರ್ಸ್ತೈತಿ ಅನ್ನಾಕತ್ತಾಳ್ರಿ. ಕತಿಯಾಗ ಆಡು ಬಂತೋ ನಾಯಿ ಬಂತೋ ತಿಳೀಲಿಲ್ಲಂತ."

ಹಾಜಿಮಲಂಗನಿಗೆ ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಹೇಳಿಸಿದ. ಈ ಸಲ ಮಗಳ ಮುಖ ಬಿಟ್ಟು ಬೆರಳುಗಳನ್ನೇ ದಿಟ್ಟಿಸಿದ. ಆಗ ಕಂಡಿತು. ಕೂದಲೆಳೆಯಷ್ಟು ತಡೆ, ಮತ್ತೆ ಜಿಗಿತ. ತಾನು ಇಷ್ಟು ದಿನ ನೋಡಿದ್ದು ಬರೀ ಮಗಳ ಮುಖವನ್ನು ಎಂಬುದು ಅವನಿಗೆ ಹೊಳೆಯಿತು. ಮಗಳು ಹೇಳುತ್ತಿದ್ದದ್ದನ್ನು ಒಂದು ದಿನವೂ ನೋಡಿರಲಿಲ್ಲ.

"ಆಯೇಶಾ, ಆ ತಂತಿ ಹೊರಗ ಎಲ್ಲಿಂದ ಬಂದೈತಿ, ಕಿಟಕಿಯಿಂದ ತೋರ್ಸು," ಎಂದ. ಅವಳು ತೋರಿಸಿದಳು. ಗೋಡೆಯುದ್ದಕ್ಕೂ ಇಳಿದ ಹಳೆಯ ತಾಮ್ರದ ತಂತಿ, ನಡುವೆ ಟೇಪು ಸುತ್ತಿದ ಜೋಡಣೆ, ಅದರ ಮೇಲೆ ಪಾಚಿ. ಜೋಡಣೆಯೊಳಗೆ ನೀರು ಹೋದದ್ದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಾಲತವಾಡ ರಸ್ತೆಯಲ್ಲಿ ಅಂಥವನ್ನು ನೂರು ಬಿಚ್ಚಿ ಕಟ್ಟಿದ್ದ.

"ಬಿಡು," ಎಂದ. "ನಾ ಹೇಳಿದ್ದು ತಪ್ಪಾತು. ಮುಂದಿನ ಮನಿಗೆ ಹೋಗು."

ಬಾಜೂ ಮನೆಯ ಸಿಮ್ ಡಬ್ಬಿ ಮೊದಲ ಎಂಟು ನಿಮಿಷ ಎಲ್ಲರನ್ನೂ ಬೆರಗಾಗಿಸಿತು. ತಬ್ರೇಜ ಕ್ಯಾಮೆರಾದೊಳಗೆ ಬಂದು ಹೆಬ್ಬೆರಳು ಎತ್ತಿ ತೋರಿಸಿದ. ಅಷ್ಟರಲ್ಲಿ ಚಿತ್ರ ಹೆಪ್ಪುಗಟ್ಟಿತು, ಅವನ ಹೆಬ್ಬೆರಳು ಹಾಗೇ ಟಿವಿಯಲ್ಲಿ ಎದ್ದು ನಿಂತಿತು. ರಮಜಾನಬಿ ಸೆರಗು ಬಾಯಿಗೆ ಹಿಡಿದಳು. ಕೋಮಲ ಬಿದ್ದು ಬಿದ್ದು ನಕ್ಕಳು.

ಕೆಳಗಿನ ಮನೆಯ ಕೇಬಲ್ಲಿನಲ್ಲಿ ಆಯೇಶಾ ಉದ್ದನೆಯ ಕತೆ ಹೇಳಿದಳು. ಒಬ್ಬ ಮುದುಕಿ, ಅವಳ ಏಳು ಕೋಳಿ, ಒಂದೊಂದು ಕೋಳಿಗೂ ಒಂದೊಂದು ಹೆಸರು. ಬೇಕೆಂದೇ ವೇಗ ಹೆಚ್ಚಿಸಿದಳು. ಕೋಮಲ ಕದಲದೆ ನೋಡಿದಳು. ಮುಗಿದ ಮೇಲೆ ಎದ್ದು ನಿಂತು, ಏಳೂ ಕೋಳಿಗಳ ಹೆಸರು ಹಿಡಿದು ಇಡೀ ಕತೆಯನ್ನು ತಿರುಗಿ ಹೇಳಿದಳು. ಅಲ್ಲಿ ಆಯೇಶಾ ಎರಡೂ ಕೈ ಮೇಲೆತ್ತಿ ಬೆರಳು ಅಲುಗಿಸಿದಳು. ಅದು ಅವರ ಚಪ್ಪಾಳೆ.

ಉಳಿದದ್ದು ಕರಾರಿನ ಮಾತು. ಮನೆಯ ಬಾಡಿಗೆ ಕರಾರು ಒಂದು ವರ್ಷದ್ದು, ಕಂಪನಿ ಕೇಳುವುದು ಎರಡು ವರ್ಷ. ತಬ್ರೇಜ ಹೇಗೂ ಬಾಡಿಗೆ ಮುಂದುವರಿಯುತ್ತದೆ ಅಂದ. ಆಯೇಶಾ ಒಪ್ಪಲಿಲ್ಲ. ಕೆಳಗಿನ ಮನೆಯವರ ಕರಾರು ಓದಿದಳು. ಅವರಿಗೆ ಅದೇ ಕಂಪನಿ ಒಂದು ವರ್ಷಕ್ಕೆ ಕೊಟ್ಟಿತ್ತು. ಅದರ ಫೋಟೊ ಹಿಡಿದು ಅಂಗಡಿಗೆ ಹೋದಳು. ಅಲ್ಲಿಯವನು ಈಗ ಆ ಸ್ಕೀಮ್ ಇಲ್ಲ ಅಂದ. ಹಾಗಾದರೆ ಅಂಥ ಸ್ಕೀಮ್ ಇರುವ ಬೇರೆ ಕಂಪನಿಗೆ ಹೋಗುತ್ತೇನೆ ಎಂದು ಎದ್ದಳು. ಬಾಗಿಲು ದಾಟುವ ಮೊದಲೇ ಸ್ಕೀಮ್ ಸಿಕ್ಕಿತು. ಮಾಲಕನಿಗೆ ಪತ್ರ ಬರೆದು, ತೂತು ಎಲ್ಲಿ ಬರುತ್ತದೆ ಎಂದು ಚಿತ್ರ ತೆಗೆದು ಗುರುತು ಮಾಡಿ ಕಳಿಸಿದಳು. ಅವನು ಎರಡು ದಿನದಲ್ಲಿ ಹೂಂ ಅಂದ.

ಇದನ್ನೆಲ್ಲ ಫೋನಿನಲ್ಲಿ ಕೇಳಿದ ಹಾಜಿಮಲಂಗ ಹೆಂಡತಿಗೆ, "ನಾ ಅಲ್ಲಿ ಇದ್ರೂ ಇಷ್ಟು ಮಾಡ್ತಿದ್ದಿಲ್ಲ," ಎಂದ.

"ನೀವು ಕಂಬ ಹತ್ತಿದ್ರಿ. ಆಕಿ ಮಂದೀನ್ನ ಕಂಬ ಹತ್ತಿಸ್ತಾಳ," ಎಂದಳು ರಮಜಾನಬಿ.

ಹದಿಮೂರನೆಯ ದಿನ ಲೈನು ಬಂತು. ಅಂದು ಐದು ಗಂಟೆಗೆ ಆರೂ ಮಕ್ಕಳು ಜಮಖಾನದ ಮೇಲಿದ್ದರು. ಒಂದು ತಾಸು ಆಯೇಶಾಳ ಕೈ ಒಮ್ಮೆಯೂ ನಿಲ್ಲಲಿಲ್ಲ. ಬಾಗಿಲ ಬಳಿ ನಿಂತು ನೋಡುತ್ತಿದ್ದ ಬಸಂತರಾಯ ಹಾಸ್ಟೆಲ್ಲಿನ ಮಾತು ತೆಗೆಯಲಿಲ್ಲ. "ನಾಳಿಂದ ಆರೂಕಾಲಕ್ಕ ಒಂದು ಬಸ್ ಐತಂತ್ರಿ, ಅದಕ್ಕ ವಾಪಸ್ ಹೋದ್ರ ಕತ್ತಲಾಗೂದ್ರಾಗ ಮನಿ," ಎಂದಷ್ಟೇ ಹೇಳಿದ. ದಿನಾ ಬರುವವನ ಲೆಕ್ಕಾಚಾರ ಅದು.

ಪಾಠ ಮುಗಿಯುತ್ತ ಬಂದಾಗ ಹಾಜಿಮಲಂಗ ಎಂದಿನಂತೆ ಟಿವಿ ಆರಿಸಲು ಏಳಲಿಲ್ಲ. ನಿಧಾನಕ್ಕೆ ಮೊಣಕಾಲು ಹಿಡಿದು ಜಮಖಾನದ ಮೇಲೆ, ಕೋಮಲಳ ಪಕ್ಕದಲ್ಲಿ ಕೂತ. ಟಿವಿಯೊಳಗೆ ಆಯೇಶಾ ತಂದೆಯನ್ನು ನೋಡಿ ಒಂದು ಚಣ ಕೈ ಇಳಿಸಿದಳು.

"ಏನ ಅಬ್ಬಾ?"

"ಏನಿಲ್ಲ. ನಿನ್ನ ಹೆಸರು ಕೈಯಾಗ ಹೆಂಗ ಹೇಳ್ತಾರ, ಅದನ್ನ ಕಲಿಸು."

ಆಯೇಶಾ ಕಲಿಸುವ ಮೊದಲೇ, ತುಟಿ ನೋಡಿ ತಿಳಿದ ಕೋಮಲ ಅವನ ಬಲಗೈ ಹಿಡಿದಳು. ತಂತಿ ಎಳೆದು ಎಳೆದು ಗಡುಸಾದ ಆ ಬೆರಳುಗಳನ್ನು ಒಂದೊಂದಾಗಿ ಮಡಚಿದಳು, ಬಿಚ್ಚಿದಳು. ಅವನು ಮಾಡಿದ. ಅವಳು ತಪ್ಪೆಂದು ತಲೆ ಆಡಿಸಿದಳು. ಮತ್ತೆ ಮಾಡಿದ. ಮತ್ತೂ ತಪ್ಪು. ಹೊರಗೆ ಬಸಂತರಾಯ ಬಸ್ಸಿಗೆ ಹೊತ್ತಾಯಿತೆಂದು ಮಗಳತ್ತ ಕೈ ಬೀಸುತ್ತಿದ್ದ. ಅವಳು ತಡೆ ಎಂದು ಅಪ್ಪನಿಗೆ ಒಂದು ಬೆರಳು ತೋರಿಸಿ, ಹಾಜಿಮಲಂಗನ ಹೆಬ್ಬೆರಳನ್ನು ಸರಿಯಾದ ಜಾಗಕ್ಕೆ ಒತ್ತಿದಳು.